ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್: ಕಳ್ಳತನ, ಊಟ, ಕಾಯಿಲೆಯ ಪದಗಳನ್ನು ಹೇಗೆ ಹೇಳಿಕೊಡಲಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಈಗ ಡಲ್ಲಾಸ್ ಹತ್ತಿರದ ಒಂದು ಊರಿನಲ್ಲಿದ್ದೇನೆ. ಇಲ್ಲಿನ ಲೈಬ್ರರಿಯಲ್ಲಿ ಶನಿವಾರ ಬೆಳಿಗ್ಗೆ 2 ಗಂಟೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಸಂಬಳ ಇಲ್ಲ, ಆದರೆ ವಾರವೆಲ್ಲ ಶನಿವಾರ ಯಾವಾಗ ಬರುತ್ತದೋ ಅಂತ ಕಾಯುತ್ತಿರುತ್ತೇನೆ. ಒಟ್ಟು 14 ಜನ ಬರುತ್ತಾರೆ. ಹೆಚ್ಚಿನವರು ಮೆಕ್ಸಿಕೊದವರು, ಎಲ್ ಸಾಲ್ವಡಾರ್, ಹೊಂಡುರಾಸ್ ಮತ್ತು ವೆನೆಜುವೆಲಾದವರೂ ಇದ್ದಾರೆ. ಒಬ್ಬರು ಮನೆಗೆಲಸಕ್ಕೆ ಹೋಗುತ್ತಾರೆ, ಇಬ್ಬರು ಕಟ್ಟಡದ ಕೆಲಸದವರು, ನಾಲ್ವರು ಹೋಟೆಲ್ ಅಡುಗೆಮನೆಯಲ್ಲಿದ್ದಾರೆ.

ಹೋದ ವಾರ ಒಂದು ಘಟನೆ ನಡೆಯಿತು. ನೆರೆಹೊರೆಯ ಬಗ್ಗೆ ಎರಡು ಸಾಲು ಬರೆಯಿರಿ ಅಂದಿದ್ದೆ. ಐವತ್ತು ದಾಟಿದ ಒಬ್ಬ ಅಮ್ಮ ಬರೆದದ್ದು ಹೀಗೆ: 'ಮೈ ನೇಬರ್ ಮೊಲೆಸ್ಟ್ಸ್ ಮಿ ಎವ್ರಿ ನೈಟ್.' ಓದಿ ನನ್ನ ಎದೆ ಧಸಕ್ಕೆಂದಿತು. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. ಅವರು ಕೈಯಲ್ಲಿ ಗಿಟಾರ್ ಬಾರಿಸುವ ಹಾಗೆ ಮಾಡಿ ತೋರಿಸಿದರು. ಪಕ್ಕದ ಮನೆಯವನು ರಾತ್ರಿ ಜೋರಾಗಿ ಹಾಡು ಹಾಕುತ್ತಾನಂತೆ, ಅಷ್ಟೇ. ಸ್ಪ್ಯಾನಿಷ್‌ನಲ್ಲಿ ಮೊಲೆಸ್ತಾರ್ ಅಂದರೆ ತೊಂದರೆ ಕೊಡುವುದು, ಕಿರಿಕಿರಿ ಮಾಡುವುದು. ಇಂಗ್ಲಿಷ್‌ನಲ್ಲಿ ಮೊಲೆಸ್ಟ್ ಅಂದರೆ ಲೈಂಗಿಕ ಕಿರುಕುಳ. ಇದೇ ಮಾತನ್ನು ಅವರು ಪೊಲೀಸರಿಗೆ ಫೋನಿನಲ್ಲಿ ಹೇಳಿದ್ದರೆ?

ಮುಂದಿನ ಮೂರು ಪಾಠಗಳು ಅಪರಾಧ, ಆಹಾರ, ಆರೋಗ್ಯ. ನಮ್ಮ ಪುಸ್ತಕದಲ್ಲಿ ಪುಟಕ್ಕೆ 40 ಪದ, ಪಕ್ಕದಲ್ಲಿ ಒಂದೊಂದು ಚಿತ್ರ. ಬಾಯಿಪಾಠ ಮಾಡಿಸಬಹುದು. ಆದರೆ ಮೊಲೆಸ್ಟ್ ಆ ಪಟ್ಟಿಯಲ್ಲೇ ಇರಲಿಲ್ಲ. ನನಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೇ. ಸ್ಪ್ಯಾನಿಷ್ ಬಲ್ಲವರು, ಪಾಠ ಮಾಡಿದವರು, ಆಸ್ಪತ್ರೆಯಲ್ಲಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಯಾವ ಪದಗಳಲ್ಲಿ ಇವರು ಎಡವುತ್ತಾರೆ? ಎಲ್ಲಿಂದ ಶುರು ಮಾಡಲಿ?

ಮ್ಯಾಡ್ರಿಡ್‌ಮನೆ:

ಮೇಡಂ, ನಮಸ್ಕಾರ. ನಾನು 9 ವರ್ಷದಿಂದ ಮ್ಯಾಡ್ರಿಡ್‌ನಲ್ಲಿದ್ದೇನೆ, ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಲ್ಲಿ ಸರ್ಕಾರದ ಭಾಷಾ ಶಾಲೆಗಳಿವೆ, ಮೊದಲನೆಯದು ಶುರುವಾದದ್ದು 1911ರಲ್ಲಿ, ಇದೇ ಊರಿನಲ್ಲಿ. ಅಲ್ಲಿ ಪರೀಕ್ಷೆ ಕಟ್ಟುವವರು ನನ್ನ ಹತ್ತಿರ ಬರುತ್ತಾರೆ. ಅವರ ಪುಸ್ತಕದಲ್ಲೂ ಇದೇ ಮೂರು ಪಾಠ ಇವೆ, ಇದೇ ತರ ಪಟ್ಟಿ.

ಅಪರಾಧದ ಪಾಠದಿಂದ ಶುರು ಮಾಡುತ್ತೇನೆ. ಸ್ಪ್ಯಾನಿಷ್‌ನವರಿಗೆ ರೊಬಾರ್ ಅನ್ನುವ ಒಂದೇ ಕ್ರಿಯಾಪದ ಸಾಕು. ಕಳ್ಳ ಯಾರೇ ಆದರೂ ಲದ್ರೋನ್. ಇಂಗ್ಲಿಷ್ ಹಾಗಲ್ಲ. ಅಂಗಡಿಯಲ್ಲಿ ಸಾಮಾನು ಬಚ್ಚಿಟ್ಟುಕೊಂಡು ಹೋದವನು ಶಾಪ್‌ಲಿಫ್ಟರ್. ಜೇಬಿಗೆ ಕೈ ಹಾಕಿದವನು ಪಿಕ್‌ಪಾಕೆಟ್. ದಾರಿಯಲ್ಲಿ ಅಡ್ಡಗಟ್ಟಿ ಹೆದರಿಸಿ ಕಿತ್ತುಕೊಂಡವನು ಮಗ್ಗರ್. ಮನೆಗೆ ನುಗ್ಗಿದವನು ಬರ್ಗ್ಲರ್. ಸದ್ದಿಲ್ಲದೆ ಎತ್ತಿಕೊಂಡು ಹೋದವನು ಥೀಫ್. ಬೆದರಿಸಿ ದೋಚಿದವನು ರಾಬರ್. ಇವನ್ನು ಪಟ್ಟಿಯಾಗಿ ಕೊಟ್ಟರೆ ಒಂದೂ ತಲೆಗೆ ಹತ್ತುವುದಿಲ್ಲ.

ನಾನು ನನ್ನದೇ ಕಥೆ ಹೇಳುತ್ತೇನೆ. ಇಲ್ಲಿಗೆ ಬಂದ ಮೊದಲ ವರ್ಷ ಮೆಟ್ರೋದಲ್ಲಿ ಪರ್ಸ್ ಹೋಯಿತು. ಠಾಣೆಗೆ ಹೋಗಿ ರೊಬೊ ಆಯಿತು ಅಂದೆ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು: ನಿಮ್ಮನ್ನು ತಳ್ಳಿದರಾ, ಹೊಡೆದರಾ, ಹೆದರಿಸಿದರಾ? ಇಲ್ಲ ಅಂದೆ. ಹಾಗಾದರೆ ಇದು ರೊಬೊ ಅಲ್ಲ, ಉರ್ತೊ ಅಂದರು. ಸ್ಪೇನಿನ ಕಾನೂನಿನಲ್ಲಿ ಬಲ ಅಥವಾ ಬೆದರಿಕೆ ಇದ್ದರೆ ರೊಬೊ, ಇಲ್ಲದಿದ್ದರೆ ಉರ್ತೊ. ಉರ್ತೊದಲ್ಲೂ 400 ಯೂರೊ ಅನ್ನುವ ಗೆರೆ ಇದೆ, ಅದಕ್ಕಿಂತ ಕಡಿಮೆಯಾದರೆ ಸಣ್ಣ ಅಪರಾಧ. ಅಂದರೆ ಆ ವ್ಯತ್ಯಾಸ ಅವರ ಭಾಷೆಯಲ್ಲೂ ಇದೆ, ದಿನದ ಮಾತಿನಲ್ಲಿ ಬಳಸುವುದಿಲ್ಲ ಅಷ್ಟೇ. ಉರ್ತೊ ಅಂದರೆ ಥೆಫ್ಟ್, ರೊಬೊ ಅಂದರೆ ಹೆಚ್ಚುಕಮ್ಮಿ ರಾಬರಿ ಅಂತ ಹೇಳಿ, ತಟ್ಟನೆ ಹಿಡಿಯುತ್ತಾರೆ. ಹೆಚ್ಚುಕಮ್ಮಿ ಅಂದದ್ದು ಯಾಕೆಂದರೆ, ಬೀಗ ಮುರಿದು ಮನೆಗೆ ನುಗ್ಗಿದರೂ ಸ್ಪೇನಿನಲ್ಲಿ ಅದು ರೊಬೊ. ಇಂಗ್ಲಿಷ್‌ನಲ್ಲಿ ಅದು ಬರ್ಗ್ಲರಿ.

ಇನ್ನೊಂದು ಮಾತು. ಕ್ರಿಮೆನ್ ಅನ್ನುವ ಪದ ಅವರ ಕಿವಿಗೆ ಕೊಲೆಯಂಥ ಘೋರ ಅಪರಾಧ. ಸಾಮಾನ್ಯ ಅಪರಾಧಕ್ಕೆ ದೆಲಿತೊ ಅನ್ನುತ್ತಾರೆ. ಅಂಗಡಿಯಲ್ಲಿ ಚಾಕೊಲೇಟ್ ಕದ್ದರೂ ಇಂಗ್ಲಿಷ್‌ನಲ್ಲಿ ಕ್ರೈಮ್ ಅಂದರೆ ಅವರಿಗೆ ಅದು ತೀರಾ ಅತಿ ಅನ್ನಿಸುತ್ತದೆ. ಹಾಗೆಯೇ ಅಸೆಸಿನೊ ಅಂದರೆ ಕೊಲೆಗಾರ, ಯಾವ ಕೊಲೆಗಾರನಾದರೂ ಸರಿ. ಇಂಗ್ಲಿಷ್‌ನ ಅಸಾಸಿನ್ ಮಾತ್ರ ದೊಡ್ಡ ವ್ಯಕ್ತಿಗಳನ್ನು ಕೊಲ್ಲುವವನು. ಪತ್ರಿಕೆಯ ಅಪರಾಧ ಪುಟಕ್ಕೆ ಸ್ಪೇನಿನಲ್ಲಿ ಸುಸೇಸೊಸ್ ಅನ್ನುವ ತಲೆಬರಹ ಇರುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಅದನ್ನು ಸಕ್ಸೆಸ್ ಅಂತ ಅನುವಾದಿಸಿದ್ದ. ಪಾಪ, ಆ ಪುಟದಲ್ಲಿ ಇದ್ದದ್ದು ಎರಡು ಅಪಘಾತ, ಒಂದು ಕೊಲೆ.

ಹಾಸನದ ಮೇಷ್ಟ್ರು:

ತುಂಬಾ ಚೆನ್ನಾಗಿ ಬರೆದಿದ್ದೀರಿ. ನನಗೆ ಸ್ಪ್ಯಾನಿಷ್ ಬರುವುದಿಲ್ಲ. 26 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೇನೆ. ಆದರೂ ಒಂದು ಮಾತು ಸೇರಿಸುತ್ತೇನೆ.

ರಾಬ್ ಮತ್ತು ಸ್ಟೀಲ್ ನಡುವಿನ ವ್ಯತ್ಯಾಸ ನಮ್ಮ ಮಕ್ಕಳಿಗೆ ಹೇಳಲು ನಾನು ಕನ್ನಡವನ್ನೇ ಬಳಸುತ್ತಿದ್ದೆ. ನಾವು ಮನೆ ದೋಚಿದರು ಅನ್ನುತ್ತೇವೆ, ದುಡ್ಡು ಕದ್ದರು ಅನ್ನುತ್ತೇವೆ. ಬ್ಯಾಂಕ್ ದೋಚಿದರು ಸರಿ. ಬ್ಯಾಂಕ್ ಕದ್ದರು ಅಂದರೆ ಕಟ್ಟಡವನ್ನೇ ಹೊತ್ತುಕೊಂಡು ಹೋದ ಹಾಗೆ! ದೋಚು ಅನ್ನುವುದಕ್ಕೆ ಜಾಗ ಅಥವಾ ಮನುಷ್ಯ ಬೇಕು, ಕದಿ ಅನ್ನುವುದಕ್ಕೆ ವಸ್ತು ಬೇಕು. ರಾಬ್ ಮತ್ತು ಸ್ಟೀಲ್ ಕೂಡ ಇದೇ ಲೆಕ್ಕದಲ್ಲಿ ನಡೆಯುತ್ತವೆ.

ಮ್ಯಾಡ್ರಿಡ್‌ನವರಿಗೆ ಒಂದು ಪ್ರಶ್ನೆ. ನಾವು 'ನನ್ನ ಪರ್ಸ್ ಕದ್ದುಬಿಟ್ಟರು' ಅನ್ನುತ್ತೇವೆ, ಯಾರು ಅಂತ ಹೇಳುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಹೇಗೆ?

ಮ್ಯಾಡ್ರಿಡ್‌ಮನೆ:

ಮೇಷ್ಟ್ರೇ, ಅದೇ ತರ! 'ಮೆ ರೊಬಾರೊನ್ ಲಾ ಕಾರ್ತೆರಾ'. ಕರ್ತೃ ಇಲ್ಲ, ಬರೀ ಕದ್ದರು. 'ನನಗೆ' ಅನ್ನುವುದೂ ಸೇರಿಕೊಂಡಿದೆ. ಅದಕ್ಕೇ ಅವರು ಇಂಗ್ಲಿಷ್‌ನಲ್ಲಿ 'ದೇ ರಾಬ್ಡ್ ಮಿ ದ ವಾಲೆಟ್' ಅನ್ನುತ್ತಾರೆ. ಕೆಲವರು 'ಐ ವಾಸ್ ಸ್ಟೋಲನ್' ಅನ್ನುತ್ತಾರೆ, ಆಗ ಅವರನ್ನೇ ಯಾರೋ ಹೊತ್ತುಕೊಂಡು ಹೋದ ಅರ್ಥ ಬರುತ್ತದೆ. ನಾನು ಎರಡೇ ವಾಕ್ಯ ಕಲಿಸುತ್ತೇನೆ. 'ಐ ವಾಸ್ ರಾಬ್ಡ್.' 'ಮೈ ವಾಲೆಟ್ ವಾಸ್ ಸ್ಟೋಲನ್.' ಮನುಷ್ಯ ಬಂದರೆ ರಾಬ್ಡ್, ವಸ್ತು ಬಂದರೆ ಸ್ಟೋಲನ್. ನಿಮ್ಮ ದೋಚು ಮತ್ತು ಕದಿ ಲೆಕ್ಕವೇ ಇದು, ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಉಡುಪಿಯ ನರ್ಸ್:

ನಾನು ನ್ಯೂಜೆರ್ಸಿಯಲ್ಲಿ ಎಮರ್ಜೆನ್ಸಿ ವಿಭಾಗದ ನರ್ಸ್. ಈ ಚರ್ಚೆ ನೋಡಿ ಡ್ಯೂಟಿ ಮುಗಿಸಿದ ಕೂಡಲೇ ಬರೆಯಲು ಕೂತೆ. ಸ್ವಲ್ಪ ಉದ್ದವಾಗುತ್ತದೆ.

ತಂಗಿ, ನಿನ್ನ ಮೊಲೆಸ್ಟ್ ಕಥೆ ಆಸ್ಪತ್ರೆಯಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ. ಹೊಟ್ಟೆಯಲ್ಲಿ ಏನೋ ಸಂಕಟ ಅನ್ನುವುದಕ್ಕೆ ಅವರು ಮೊಲೆಸ್ತ್ಯಾ ಅನ್ನುತ್ತಾರೆ. ಅದೇ ಬೇರು, ಅರ್ಥ ಮಾತ್ರ ಬರೀ ಅಸೌಖ್ಯ.

ಆರೋಗ್ಯದ ಪಾಠದಲ್ಲಿ ಯಾವ ಪದ ಬಿಟ್ಟರೂ ಇನ್‌ತೊಕ್ಸಿಕಾದೊ ಬಿಡಬೇಡ. 1980ರಲ್ಲಿ ಫ್ಲೋರಿಡಾದಲ್ಲಿ ನಡೆದದ್ದು, ನಮ್ಮ ತರಬೇತಿಯಲ್ಲಿ ಇವತ್ತಿಗೂ ಹೇಳುತ್ತಾರೆ. 18 ವರ್ಷದ ಹುಡುಗ, ಬೇಸ್‌ಬಾಲ್ ಆಡುತ್ತಿದ್ದವನು, ತಲೆನೋವು ಅಂತ ಶುರುವಾಗಿ ಪ್ರಜ್ಞೆ ತಪ್ಪಿದ. ಮನೆಯವರು ಕ್ಯೂಬಾದಿಂದ ಬಂದವರು. ಏನೋ ಕೆಟ್ಟದ್ದು ತಿಂದಿದ್ದಾನೆ ಅಂದುಕೊಂಡು ಇನ್‌ತೊಕ್ಸಿಕಾದೊ ಅಂದರು. ಅವರ ಮಾತಿನಲ್ಲಿ ಅದರ ಅರ್ಥ ತಿಂದದ್ದು, ಕುಡಿದದ್ದು ಮೈಗೆ ಆಗಲಿಲ್ಲ ಅಂತ. ಆಸ್ಪತ್ರೆಯವರಿಗೆ ಕೇಳಿಸಿದ್ದು ಇಂಟಾಕ್ಸಿಕೇಟೆಡ್. ಮಾದಕ ವಸ್ತು ಜಾಸ್ತಿ ತೆಗೆದುಕೊಂಡಿದ್ದಾನೆ ಅಂತ ಆ ಚಿಕಿತ್ಸೆ ಕೊಟ್ಟರು. ನಿಜಕ್ಕೂ ಅವನ ಮಿದುಳಿನಲ್ಲಿ ರಕ್ತಸ್ರಾವ ಆಗುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ 2 ದಿನ ದಾಟಿತ್ತು. ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಕೊನೆಗೆ ಆದ ಪರಿಹಾರದ ಒಪ್ಪಂದ ಅವನ ಜೀವಮಾನಕ್ಕೆ ಲೆಕ್ಕ ಹಾಕಿದರೆ ಸುಮಾರು 7.1 ಕೋಟಿ ಡಾಲರ್. ಆ ಹುಡುಗನ ಕೈಕಾಲು ವಾಪಸ್ ಬರಲಿಲ್ಲ.

ಆದ್ದರಿಂದ ನಿನ್ನ ವಿದ್ಯಾರ್ಥಿಗಳಿಗೆ ಪದ ಬಿಟ್ಟು ನಡೆದದ್ದನ್ನು ಹೇಳಲು ಕಲಿಸು. 'ಹಿ ಏಟ್ ಸಮ್‌ಥಿಂಗ್ ಬ್ಯಾಡ್.' 'ಹಿ ಹ್ಯಾಸ್ ಅ ಬ್ಯಾಡ್ ಹೆಡೇಕ್.' 'ಹಿ ಡಿಡ್ ನಾಟ್ ಟೇಕ್ ಡ್ರಗ್ಸ್.' ಸಣ್ಣ ಸಣ್ಣ ವಾಕ್ಯ. ದೊಡ್ಡ ಪದಕ್ಕಿಂತ ಇದು ಗಟ್ಟಿ. ಡ್ರಗ್ ಅಂದಾಗ ಇನ್ನೊಂದು ವಿಷಯ, ಸ್ಪ್ಯಾನಿಷ್‌ನ ದ್ರೋಗಾ ಮಾದಕ ವಸ್ತುವನ್ನೇ ಹೆಚ್ಚಾಗಿ ಸೂಚಿಸುತ್ತದೆ. 'ವಾಟ್ ಡ್ರಗ್ಸ್ ಡು ಯು ಟೇಕ್?' ಅಂತ ಡಾಕ್ಟರ್ ಕೇಳಿದರೆ ಅವರು ಗಾಬರಿಯಾಗಿ 'ನೋ, ನೋ, ನಥಿಂಗ್' ಅನ್ನುತ್ತಾರೆ. ಬಿಪಿ ಮಾತ್ರೆ ನುಂಗುತ್ತಿರುತ್ತಾರೆ! ಮೆಡಿಸಿನ್ ಅನ್ನುವುದೂ ಡ್ರಗ್ ಅನ್ನುವುದೂ ಒಂದೇ ಆಗಬಹುದು ಅಂತ ಹೇಳಿಕೊಡು.

ಇನ್ನು ಮಾತ್ರೆಯ ಡಬ್ಬಿ. ಇಂಗ್ಲಿಷ್‌ನಲ್ಲಿ ಒ, ಎನ್, ಸಿ, ಇ ಅಂತ ಬರೆದರೆ ವನ್ಸ್, ಒಂದು ಸಲ. ಅದೇ ನಾಲ್ಕು ಅಕ್ಷರ ಸ್ಪ್ಯಾನಿಷ್‌ನಲ್ಲಿ ಒನ್ಸೆ, ಅಂದರೆ 11. ದಿನಕ್ಕೆ ಒಂದು ಸಲ ಅನ್ನುವುದು ದಿನಕ್ಕೆ 11 ಆಗಿಬಿಡಬಹುದು. 2010ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಕಡೆಯ ಔಷಧದಂಗಡಿಗಳಲ್ಲಿ ಕಂಪ್ಯೂಟರ್ ಬರೆದ ಸ್ಪ್ಯಾನಿಷ್ ಚೀಟಿಗಳನ್ನು ಪರೀಕ್ಷಿಸಿದ ವರದಿ ಬಂತು. ಅರ್ಧದಷ್ಟು ಚೀಟಿಗಳಲ್ಲಿ ತಪ್ಪಿತ್ತು. ಅರ್ಧ ಸ್ಪ್ಯಾನಿಷ್, ಅರ್ಧ ಇಂಗ್ಲಿಷ್ ಬೆರೆತದ್ದೇ ಜಾಸ್ತಿ. ಹಾಗೆ ಬೆರೆತಾಗಲೇ ಈ ವನ್ಸ್ ಅಪಾಯ.

ಎಂಬಾರಸಾದ ಅಂದರೆ ಬಸುರಿ, ಇಂಗ್ಲಿಷ್‌ನ ಎಂಬರಾಸ್ಡ್ ತರ ನಾಚಿಕೆಪಟ್ಟವಳಲ್ಲ. ಕೊನ್ಸ್‌ತಿಪಾದೊ ಅಂದರೆ ಸ್ಪೇನಿನವರಿಗೆ ನೆಗಡಿ, ಇಂಗ್ಲಿಷ್‌ನ ಕಾನ್‌ಸ್ಟಿಪೇಟೆಡ್ ತರ ಮಲಬದ್ಧತೆ ಅಲ್ಲ. ಇವು ಎಲ್ಲ ಪುಸ್ತಕದಲ್ಲೂ ಸಿಗುತ್ತವೆ, ಅದಕ್ಕೆ ಉದ್ದ ಮಾಡುವುದಿಲ್ಲ.

ಕೊನೆಯದಾಗಿ ಒಂದು ವಾಕ್ಯ. ಉಳಿದದ್ದೆಲ್ಲ ಮರೆತರೂ ಇದು ಬಾಯಲ್ಲಿರಲಿ: 'ಐ ನೀಡ್ ಅ ಸ್ಪ್ಯಾನಿಷ್ ಇಂಟರ್‌ಪ್ರಿಟರ್, ಪ್ಲೀಸ್.' ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಲ್ಲಿ ದುಭಾಷಿಯನ್ನು ಪುಕ್ಕಟೆ ಕೊಡಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದಲೇ ಬಂದ ಹಕ್ಕು ಅದು. ಅಮ್ಮನ ಹೊಟ್ಟೆನೋವಿನ ಬಗ್ಗೆ 10 ವರ್ಷದ ಮಗ ಡಾಕ್ಟರಿಗೆ ವಿವರಿಸುತ್ತಾ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮಗುವಿನ ಮುಖ ಮರೆಯಲು ಆಗುವುದಿಲ್ಲ.

ತುಂಗಾತೀರ:

ಅಕ್ಕ, ಓದಿ ಸುಮ್ನೆ ಕೂತುಬಿಟ್ಟೆ. ಆ ಇಂಟರ್‌ಪ್ರಿಟರ್ ವಾಕ್ಯವನ್ನು ಈ ಶನಿವಾರವೇ ಬೋರ್ಡ್ ಮೇಲೆ ಬರೆಯುತ್ತೇನೆ.

ಊಟದ ಪಾಠ ಸುಲಭ ಅಂದುಕೊಂಡಿದ್ದೇನೆ. ಅಲ್ಲೂ ಇಂಥದ್ದೇನಾದರೂ ಇದೆಯಾ?

ಗಾಂಧಿಬಜಾರ್:

ಇದೆ ಅಕ್ಕ, ಬೇಕಾದಷ್ಟಿದೆ. ನಾನು ಬೆಂಗಳೂರಿನಲ್ಲಿ 3 ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ನನಗೆ ಇದು ಉಲ್ಟಾ ದಿಕ್ಕಿನಿಂದ ಕಾಣುತ್ತದೆ. ಊಟದ ವಿಷಯದಲ್ಲಿ ಎಷ್ಟೋ ಕಡೆ ಕನ್ನಡ ಮತ್ತು ಸ್ಪ್ಯಾನಿಷ್ ಒಂದು ಪಂಕ್ತಿಯಲ್ಲಿ ಕೂತಿರುತ್ತವೆ, ಇಂಗ್ಲಿಷ್ ಮಾತ್ರ ಬೇರೆ.

ನಮಗೆ ಬಿಸಿ ಬೇರೆ, ಖಾರ ಬೇರೆ. ಅವರಿಗೂ ಕಾಲ್ಯೆಂತೆ ಬೇರೆ, ಪಿಕಾಂತೆ ಬೇರೆ. ಇಂಗ್ಲಿಷ್‌ನಲ್ಲಿ ಎರಡೂ ಹಾಟ್. 'ದ ಸೂಪ್ ಈಸ್ ಹಾಟ್' ಅಂದರೆ ನಾಲಿಗೆ ಸುಡುವುದು ಬೆಂಕಿಯಿಂದಲೋ ಮೆಣಸಿನಕಾಯಿಯಿಂದಲೋ? ಸ್ಪೈಸಿ ಅನ್ನುವ ಪದವನ್ನು ಮೊದಲೇ ಕೈಗೆ ಕೊಡಿ.

ಮೆಣಸಿನ ಕಥೆ ನನಗೆ ತುಂಬಾ ಇಷ್ಟ. ಕೊಲಂಬಸ್ 1492ರಲ್ಲಿ ಹೊರಟದ್ದು ನಮ್ಮ ಕಡೆಯ ಸಂಬಾರ ಪದಾರ್ಥ ಹುಡುಕಿಕೊಂಡು, ಅದರಲ್ಲಿ ಕರಿಮೆಣಸು ಮುಖ್ಯ. ಅದು ಸಿಗಲಿಲ್ಲ, ಅಮೆರಿಕದಲ್ಲಿ ಖಾರದ ಕಾಯಿ ಸಿಕ್ಕಿತು. ಕರಿಮೆಣಸಿಗೆ ಪಿಮ್ಯೆಂತಾ ಅನ್ನುತ್ತಿದ್ದವರು ಹೊಸ ಕಾಯಿಗೆ ಪಿಮ್ಯೆಂತೊ ಅಂದರು. ಅದೇ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಾಗ ನಾವೂ ಹಾಗೇ ಮಾಡಿದೆವು. ಮೆಣಸು ಗೊತ್ತಿತ್ತು, ಹೊಸದನ್ನು ಮೆಣಸಿನಕಾಯಿ ಅಂದೆವು. ಇಂಗ್ಲಿಷ್‌ನವರು ಎರಡನ್ನೂ ಪೆಪ್ಪರ್ ಅಂದು ಸುಮ್ಮನಾದರು. ನಿಮ್ಮ ವಿದ್ಯಾರ್ಥಿ 'ಪಾಸ್ ದ ಪೆಪ್ಪರ್' ಕೇಳಿ ಯಾವುದನ್ನು ಕೊಡಬೇಕು ಅಂತ ತಡಬಡಿಸಿದರೆ ತಪ್ಪು ಅವರದ್ದಲ್ಲ. ಬ್ಲ್ಯಾಕ್ ಪೆಪ್ಪರ್, ಬೆಲ್ ಪೆಪ್ಪರ್, ಚಿಲಿ ಪೆಪ್ಪರ್ ಅಂತ ಮೂರಾಗಿ ಕಲಿಸಿ.

ಸೋಪಾ ಅಂದರೆ ಸೂಪ್. ಆದರೆ ಅವರ ಬಾಯಿಗೆ ಸೋಪ್ ಹತ್ತಿರ, ಅದಕ್ಕೇ ಸೋಪ್ ಕುಡಿದೆ ಅನ್ನುತ್ತಾರೆ. ಚಿಕನ್ ಮತ್ತು ಕಿಚನ್ ಕೂಡ ಅದಲುಬದಲಾಗುತ್ತವೆ. ಕುಕ್ ಅಂದರೆ ಅಡುಗೆಯವರು ಅಂತ ಹೇಳಬೇಕಾಗುತ್ತದೆ, ಯಾಕೆಂದರೆ ಟೀಚರ್, ಡ್ರೈವರ್ ತರ ಕುಕರ್ ಇರಬೇಕು ಅಂದುಕೊಳ್ಳುತ್ತಾರೆ. ಕುಕರ್ ಅಂದರೆ ಏನು ಅಂತ ನಮ್ಮ ಯಾವ ಮನೆಯಲ್ಲೂ ಹೇಳಬೇಕಾಗಿಲ್ಲ.

ಇನ್ನೊಂದು. ರೆಸೇತಾ. ಅಡುಗೆ ಮಾಡುವ ವಿಧಾನವೂ ರೆಸೇತಾ, ಡಾಕ್ಟರ್ ಬರೆದ ಚೀಟಿಯೂ ರೆಸೇತಾ. ಇಂಗ್ಲಿಷ್‌ನಲ್ಲಿ ಒಂದು ರೆಸಿಪಿ, ಇನ್ನೊಂದು ಪ್ರಿಸ್ಕ್ರಿಪ್ಷನ್. ಔಷಧದಂಗಡಿಗೆ ಹೋಗಿ 'ಐ ಹ್ಯಾವ್ ಅ ರೆಸಿಪಿ' ಅನ್ನುವವರು ಇದ್ದಾರೆ. ಚೋದ್ಯ ಏನೆಂದರೆ ಇಂಗ್ಲಿಷ್‌ನಲ್ಲೂ ಮೊದಲು ರೆಸಿಪಿ ಅಂದರೆ ಔಷಧದ ಚೀಟಿಯೇ. ಲ್ಯಾಟಿನ್‌ನಲ್ಲಿ ರೆಸಿಪೆ ಅಂದರೆ 'ತೆಗೆದುಕೋ' ಅಂತ. ವೈದ್ಯರು ಚೀಟಿಯ ಮೇಲೆ ಹಾಕುವ ಆರ್ಎಕ್ಸ್ ಗುರುತು ಅದೇ ಪದದ ಸಂಕ್ಷೇಪ. ಆಮೇಲೆ ಆ ಪದ ಅಡುಗೆಮನೆಗೆ ಹೋಯಿತು.

ಹುಬ್ಬಳ್ಳಿ ಊಟ:

ನಾನು ಷಿಕಾಗೋದಾಗ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಇದ್ದೀನ್ರೀ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಮುಕ್ಕಾಲು ಪಾಲು ಮೆಕ್ಸಿಕೊ ಮತ್ತು ಗ್ವಾಟೆಮಾಲಾದವರು. ಅವರಿಂದ ನಾನು ಸ್ಪ್ಯಾನಿಷ್ ಕಲಿತೆ, ನನ್ನಿಂದ ಅವರು ಇಂಗ್ಲಿಷ್.

ಮೇಡಂ, ನಿಮ್ಮ ತರಗತಿಯಲ್ಲಿ ನಾಲ್ವರು ಅಡುಗೆಮನೆಯವರು ಇದ್ದಾರೆ ಅಂದಿರಿ. ಅವರಿಗೆ ಸೇಬು, ಬಾಳೆಹಣ್ಣು ಅಂತ ಚಿತ್ರ ತೋರಿಸಬೇಡಿ, ಅವರಿಗೆ ಅದೆಲ್ಲ ಬರುತ್ತದೆ. ಬಿಸಿ ಬಾಣಲೆ ಹಿಡಿದು ಒಬ್ಬರ ಬೆನ್ನ ಹಿಂದೆ ಹೋಗುವಾಗ 'ಬಿಹೈಂಡ್!' ಅಂತ ಕೂಗಬೇಕು. ತಿರುವಿನಲ್ಲಿ 'ಕಾರ್ನರ್!'. ಒಂದು ಪದಾರ್ಥ ಮುಗಿದರೆ 'ಎಯ್ಟಿ ಸಿಕ್ಸ್', ಉದಾಹರಣೆಗೆ ಮೀನು ಖಾಲಿಯಾದರೆ 'ಎಯ್ಟಿ ಸಿಕ್ಸ್ ಸಾಮನ್'. ಇದು ಯಾವ ಪಠ್ಯಪುಸ್ತಕದಲ್ಲೂ ಇರುವುದಿಲ್ಲ, ಆದರೆ ಗೊತ್ತಿಲ್ಲದಿದ್ದರೆ ಮೈ ಸುಟ್ಟುಕೊಳ್ಳುತ್ತಾರೆ.

ಎಲ್ಲಕ್ಕಿಂತ ಮುಖ್ಯ ಅಲರ್ಜಿ. ಇಲ್ಲಿನ ಕಾನೂನಿನಲ್ಲಿ 8 ಮುಖ್ಯ ಅಲರ್ಜಿ ಪದಾರ್ಥ ಅಂತ ಇತ್ತು, 2023ರ ಜನವರಿಯಿಂದ ಎಳ್ಳು ಸೇರಿ 9 ಆಯಿತು. ಅದರಲ್ಲಿ ಪೀನಟ್ ಬೇರೆ, ಟ್ರೀ ನಟ್ ಬೇರೆ. ಗೋಡಂಬಿ, ಬಾದಾಮಿ, ಅಕ್ರೋಟ್ ಟ್ರೀ ನಟ್. ಶೇಂಗಾ ಪೀನಟ್. ಹೆಸರಿನಲ್ಲಿ ನಟ್ ಇದ್ದರೂ ಶೇಂಗಾ ಬೇಳೆಕಾಳಿನ ಜಾತಿಯದು. ಸ್ಪ್ಯಾನಿಷ್‌ನವರಿಗೆ ಇಲ್ಲೊಂದು ತೊಡಕು. ಶೇಂಗಾಕ್ಕೆ ಮೆಕ್ಸಿಕೊದವರು ಕಕಾವಾತೆ ಅನ್ನುತ್ತಾರೆ, ಸ್ಪೇನಿನವರು ಕಕಾವೇತೆ, ವೆನೆಜುವೆಲಾದವರು ಮನಿ. ನಾವು ಶೇಂಗಾ ಅಂದರೆ ಬೆಂಗಳೂರಿನವರು ಕಡಲೆಕಾಯಿ ಅನ್ನುತ್ತಾರಲ್ಲ, ಹಾಗೆ. ಒಂದೇ ತರಗತಿಯಲ್ಲಿ ಇವರೆಲ್ಲ ಇದ್ದರೆ ಅವರವರಲ್ಲೇ ಗೊಂದಲ. ನ್ಯೂಎಸ್ ಅನ್ನುವ ಪದವಂತೂ ಮೆಕ್ಸಿಕೊದಲ್ಲಿ ಅಕ್ರೋಟೂ ಆಗಬಹುದು, ಅದನ್ನೇ ಹೋಲುವ ಪೆಕಾನ್ ಅನ್ನುವ ಕಾಯಿಯೂ ಆಗಬಹುದು. ನಿಜವಾದ ಕಾಳು ತಂದು ತಟ್ಟೆಯಲ್ಲಿಟ್ಟು ಕಲಿಸಿ. ಮೊದಲು ಅಲರ್ಜಿ ಯಾರಿಗಿದೆ ಅಂತ ಕೇಳಿಕೊಳ್ರಿ ಮತ್ತ.

ಲಿಮೋನ್ ಅಂದರೆ ಮೆಕ್ಸಿಕೊದವರಿಗೆ ಹಸಿರು ಸಣ್ಣ ಹಣ್ಣು, ಇಂಗ್ಲಿಷ್‌ನ ಲೈಮ್. ನಮ್ಮ ಲಿಂಬಿಹಣ್ಣು ಕೂಡ ಲೈಮೇ. ನಾನು ಬಂದ ಹೊಸತರಲ್ಲಿ ಲೆಮನ್ ಅಂತಲೇ ಕೇಳಿ ಹಳದಿ ದಪ್ಪ ಹಣ್ಣು ತರಿಸಿದ್ದೆ.

ಓದುಗ 77:

ಎಲ್ಲರೂ ಸ್ಪ್ಯಾನಿಷ್ ಮೂಲಕ ಇಂಗ್ಲಿಷ್ ಕಲಿಸುವ ಮಾತಾಡುತ್ತಿದ್ದೀರಿ. ನನ್ನ ಅಭಿಪ್ರಾಯ ಬೇರೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಪ್ರತಿ ಪದಕ್ಕೂ ಕನ್ನಡ ಅರ್ಥ ಬರೆದುಕೊಂಡು ಕಲಿತೆ. ಇಂದಿಗೂ ಮಾತಾಡುವ ಮುಂಚೆ ಮನಸ್ಸಿನಲ್ಲಿ ಅನುವಾದ ನಡೆಯುತ್ತದೆ, ಮಾತು ತಡವಾಗುತ್ತದೆ. ಆ ಕಷ್ಟ ಇವರಿಗೆ ಬೇಡ. ಇಂಗ್ಲಿಷ್‌ನಲ್ಲೇ ಕಲಿಸಿ.

ಹಾಸನದ ಮೇಷ್ಟ್ರು:

ನಿಮ್ಮ ಮಾತಿನಲ್ಲಿ ಸತ್ಯ ಇದೆ. ಸೇಬು, ಚಮಚ, ಮೂಗು, ಇವಕ್ಕೆ ವಸ್ತು ತೋರಿಸಿದರೆ ಸಾಕು, ನಡುವೆ ಇನ್ನೊಂದು ಭಾಷೆ ಬೇಕಿಲ್ಲ. ಆದರೆ ಮೊಲೆಸ್ಟ್ ಅನ್ನು ಏನು ತೋರಿಸಿ ಕಲಿಸುವುದು? ಆ ಅಮ್ಮನ ತಲೆಯಲ್ಲಿ ಆಗಲೇ ಒಂದು ಮೊಲೆಸ್ತಾರ್ ಕೂತಿದೆ. ನಾವು ಅದರ ಹೆಸರು ಎತ್ತದಿದ್ದರೆ ಅದು ಹೋಗುವುದಿಲ್ಲ, ಇಂಗ್ಲಿಷ್ ವೇಷ ಹಾಕಿಕೊಂಡು ಹೊರಗೆ ಬರುತ್ತದೆ. ಒಂದೇ ತರ ಕೇಳಿಸುವ ಪದಗಳಿಗೆ ಮಾತ್ರ ಅವರ ಭಾಷೆಯನ್ನು ಎದುರಿಗಿಟ್ಟು ತೋರಿಸಬೇಕು. ಉಳಿದದ್ದಕ್ಕೆ ನೀವು ಹೇಳಿದ ದಾರಿಯೇ ಸರಿ.

ಓದುಗ 77:

ಒಪ್ಪಿದೆ ಮೇಷ್ಟ್ರೇ. ಗೊತ್ತಿಲ್ಲದ ಪದಕ್ಕಿಂತ ಗೊತ್ತು ಅಂದುಕೊಂಡ ಪದವೇ ಕಷ್ಟ ಅನ್ನುವುದು ನನಗೆ ಹೊಳೆದಿರಲಿಲ್ಲ.

ಕೋರ್ಟು ಕಚೇರಿ:

ಕ್ಯಾಲಿಫೋರ್ನಿಯಾದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಪರಾಧದ ಪಾಠಕ್ಕೆ ಎರಡು ಸೇರಿಸುತ್ತೇನೆ.

ಸೆಂತೆನ್ಸ್ಯಾ ಅಂದರೆ ತೀರ್ಪು. ನಿರಪರಾಧಿ ಅಂತ ಬಿಟ್ಟರೂ ಅದು ಸೆಂತೆನ್ಸ್ಯಾ. ಇಂಗ್ಲಿಷ್‌ನ ಸೆಂಟೆನ್ಸ್ ತಪ್ಪಿತಸ್ಥ ಅಂತ ಆದ ಮೇಲೆ ಕೊಡುವ ಶಿಕ್ಷೆ. 'ಮೈ ಬ್ರದರ್ ಗಾಟ್ ಅ ಸೆಂಟೆನ್ಸ್' ಅಂದರೆ ಕೇಳಿದವರು ಜೈಲು ಅಂದುಕೊಳ್ಳುತ್ತಾರೆ.

ಎರಡನೆಯದು ಫ್ರೀ. ಇಂಗ್ಲಿಷ್‌ನಲ್ಲಿ ಪುಕ್ಕಟೆಗೂ ಫ್ರೀ, ಬಿಡುವಾಗಿದ್ದರೂ ಫ್ರೀ, ಬಂಧನ ಇಲ್ಲದಿದ್ದರೂ ಫ್ರೀ. ಸ್ಪ್ಯಾನಿಷ್‌ನಲ್ಲಿ ದುಡ್ಡಿಲ್ಲದೆ ಸಿಗುವುದು ಗ್ರಾತಿಸ್, ಉಳಿದೆರಡು ಲಿಬ್ರೆ. ಬಂಧಿಸಿದವರನ್ನು ಪ್ರಶ್ನಿಸುವ ಮುಂಚೆ ಅವರ ಹಕ್ಕುಗಳನ್ನು ಹೇಳಬೇಕು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1966ರ ಮಿರಾಂಡಾ ತೀರ್ಪಿನಲ್ಲಿ ಹೇಳಿತು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಪುಕ್ಕಟೆ ವಕೀಲರು ಸಿಗುತ್ತಾರೆ ಅನ್ನುವುದೂ ಅದರಲ್ಲಿ ಸೇರಿದೆ. ಆರೆಗಾನ್‌ನ ಒಂದು ಪ್ರಕರಣದಲ್ಲಿ ಪೊಲೀಸ್ ಅಧಿಕಾರಿ ಇದನ್ನು ಸ್ಪ್ಯಾನಿಷ್‌ನಲ್ಲಿ ಹೇಳುವಾಗ ಲಿಬ್ರೆ ಅಂದರು. ಅಂದರೆ ಬಿಡುವಾಗಿರುವ ವಕೀಲರು ಸಿಗಬಹುದು ಅಂದ ಹಾಗಾಯಿತು. 2013ರಲ್ಲಿ 9ನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಹಾಗೆ ಹಕ್ಕು ಹೇಳಿದ್ದು ಸರಿಯಾಗಿರಲಿಲ್ಲ ಅಂತ ತೀರ್ಪು ಕೊಟ್ಟಿತು. ಒಂದು ಪದಕ್ಕೆ ಇಷ್ಟು ಬೆಲೆ ಇದೆ.

ಇನ್ನು ಪೊಲೀಸ್ ಇಂಗ್ಲಿಷ್‌ನಲ್ಲಿ ಬಹುವಚನ, 'ದ ಪೊಲೀಸ್ ಆರ್ ಕಮಿಂಗ್'. ಅವರು ಈಸ್ ಅನ್ನುತ್ತಾರೆ. ಅರ್ಥಕ್ಕೆ ಧಕ್ಕೆ ಇಲ್ಲ, ಅದನ್ನು ತಿದ್ದಲು ಸಮಯ ಕಳೆಯಬೇಡಿ.

ಗಾಂಧಿಬಜಾರ್:

ಮೈಕೈ ಭಾಗಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ದೇದೊ ಅಂದರೆ ಬೆರಳು. ಕಾಲಿನದಾದರೆ 'ದೇದೊ ದೆಲ್ ಪಿಯೆ', ಕಾಲಿನ ಬೆರಳು. ನಮ್ಮದೇ ಲೆಕ್ಕ! ಅದಕ್ಕೇ ಟೋ ಅನ್ನುವ ಪದ ಅವರಿಗೆ ನೆನಪಾಗುವುದಿಲ್ಲ, 'ಫಿಂಗರ್ ಆಫ್ ದ ಫುಟ್' ಅನ್ನುತ್ತಾರೆ. 'ಮೆ ದುಎಲೆ ಲಾ ಕಬೇಸಾ' ಅಂದರೆ 'ನನಗೆ ತಲೆ ನೋಯುತ್ತಿದೆ'. ಇಲ್ಲೂ ಅವರು ನಮ್ಮ ಹಾಗೆ 'ನನಗೆ' ಅಂತಲೇ ಶುರು ಮಾಡುತ್ತಾರೆ, 'ನನ್ನ ತಲೆ' ಅನ್ನುವುದಿಲ್ಲ. ಇಂಗ್ಲಿಷ್‌ಗೆ ಬಂದಾಗ 'ದ ಹೆಡ್ ಹರ್ಟ್ಸ್ ಮಿ' ಆಗುತ್ತದೆ. 'ಮೈ ಹೆಡ್ ಹರ್ಟ್ಸ್' ಅಂತ ಮೈ ಸೇರಿಸಿ ಹೇಳಿಸಬೇಕು.

ಹಾಸನದ ಮೇಷ್ಟ್ರು:

ಉಚ್ಚಾರದ ಬಗ್ಗೆ ಕೇಳಬೇಕು. ಸ್ಪ್ಯಾನಿಷ್‌ನಲ್ಲಿ ಹ್ರಸ್ವ, ದೀರ್ಘ ಇದೆಯೇ?

ಮ್ಯಾಡ್ರಿಡ್‌ಮನೆ:

ಇಲ್ಲ ಮೇಷ್ಟ್ರೇ. ಐದೇ ಸ್ವರ. ಹಾಗಾಗಿ ಪಿಲ್ ಮತ್ತು ಪೀಲ್ ಅವರಿಗೆ ಒಂದೇ. ಒಂದು ಮಾತ್ರೆ, ಇನ್ನೊಂದು ಸಿಪ್ಪೆ. ಹಿಪ್ ಮತ್ತು ಹೀಪ್, ಚಿಪ್ ಮತ್ತು ಚೀಪ್ ಎಲ್ಲ ಹಾಗೇ. ಶ ಇಲ್ಲದ್ದರಿಂದ ಶಾಪ್‌ಲಿಫ್ಟರ್ ಚಾಪ್‌ಲಿಫ್ಟರ್ ಆಗುತ್ತಾನೆ. ಪದದ ಮೊದಲು ಸ ಜೊತೆ ಇನ್ನೊಂದು ವ್ಯಂಜನ ಬಂದರೆ ಮುಂದೆ ಎ ಸೇರಿಸುತ್ತಾರೆ. ಎಸ್ಟಮಕ್, ಎಸ್ಕೂಲ್. ಥೀಫ್, ಥ್ರೋಟ್ ಪದಗಳ ಮೊದಲ ಧ್ವನಿ ಸ್ಪೇನಿನ ಹೆಚ್ಚಿನವರಿಗೆ ಸಲೀಸು, ಲ್ಯಾಟಿನ್ ಅಮೆರಿಕದವರಿಗೆ ಬರುವುದಿಲ್ಲ. ಮೇಡಂ ವಿದ್ಯಾರ್ಥಿಗಳು ಟೀಫ್ ಅನ್ನಬಹುದು.

ಹಾಸನದ ಮೇಷ್ಟ್ರು:

ನಮ್ಮೂರಲ್ಲೂ ಇಸ್ಕೂಲು ಅನ್ನುವವರಿದ್ದಾರೆ! ಹ್ರಸ್ವ ದೀರ್ಘಕ್ಕೆ ನಾನು ಮಕ್ಕಳಿಗೆ ಚಪ್ಪಾಳೆ ತಟ್ಟಿಸುತ್ತಿದ್ದೆ. ಪಿಲ್ ಅಂದರೆ ಒಂದು ತಟ್ಟು. ಪೀಲ್ ಅಂದರೆ ಕೈ ಸೇರಿಸಿ ಹಾಗೇ ಎಳೆಯುವುದು. ತುಂಗಾತೀರ ಅವರೇ, ದೊಡ್ಡವರೂ ನಾಚಿಕೊಳ್ಳದೆ ಮಾಡುತ್ತಾರೆ, ಮಾಡಿಸಿ ನೋಡಿ.

ಉಡುಪಿಯ ನರ್ಸ್:

ಎರಡು ಮಾತು ಬಿಟ್ಟುಹೋಗಿತ್ತು. 'ನನಗೆ ಶುಗರ್ ಇದೆ' ಅಂತ ನಾವು ಹೇಳುವುದಿಲ್ಲವಾ, ಮೆಕ್ಸಿಕೊದವರೂ ಹಾಗೇ 'ತೆಂಗೊ ಆಸುಕಾರ್' ಅನ್ನುತ್ತಾರೆ, ನನ್ನಲ್ಲಿ ಸಕ್ಕರೆ ಇದೆ ಅಂತ. ಅದನ್ನು ಹಾಗೇ ಇಂಗ್ಲಿಷ್‌ಗೆ ತಂದರೆ ಹೊಸ ಡಾಕ್ಟರಿಗೆ ತಿಳಿಯದೇ ಹೋಗಬಹುದು. ಡಯಾಬಿಟಿಸ್ ಅನ್ನುವ ಪದ ಬಾಯಲ್ಲಿರಲಿ.

ಇನ್ನೊಂದು ಎಂಪಾಚೊ. ತಿಂದದ್ದು ಹೊಟ್ಟೆಯಲ್ಲಿ ಅಂಟಿಕೊಂಡಿದೆ ಅನ್ನುವ ನಂಬಿಕೆ, ಮಕ್ಕಳಿಗೆ ಜಾಸ್ತಿ ಹೇಳುತ್ತಾರೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಸರಿಯಾದ ಪದವೇ ಇಲ್ಲ. ಇದಕ್ಕೆ ಮನೆಮದ್ದಾಗಿ ಕೆಲವರು ಗ್ರೇತಾ, ಅಸಾರ್ಕೋನ್ ಅನ್ನುವ ಹಳದಿ, ಕಿತ್ತಳೆ ಬಣ್ಣದ ಪುಡಿ ಕೊಡುತ್ತಾರೆ. ಅದರಲ್ಲಿ ಇರುವುದು ಬಹುಪಾಲು ಸೀಸ. ಮಕ್ಕಳ ಮಿದುಳಿಗೆ ವಿಷ. ಅವರನ್ನು ಬೈಯದೆ ಮಾತಾಡಿಸಬೇಕು. ನಮ್ಮಲ್ಲಿ ದೃಷ್ಟಿ ತೆಗೆಯುವ ಹಾಗೆ ಅವರಲ್ಲೂ ಮಾಲ್ ದೆ ಓಖೊ ಅಂತ ಇದೆ, ಮೊಟ್ಟೆಯಿಂದ ನಿವಾಳಿಸುತ್ತಾರೆ. ಅಲ್ಲಿಂದ ಮಾತು ಶುರು ಮಾಡಿದರೆ ಅವರು ಮನಸ್ಸು ಬಿಚ್ಚುತ್ತಾರೆ. 'ಐ ಗೇವ್ ಹರ್ ಅ ಹೋಮ್ ರೆಮಡಿ, ದಿಸ್ ಪೌಡರ್' ಅನ್ನುವ ವಾಕ್ಯ ಕಲಿಸು. ಪುಡಿಯನ್ನು ಜೊತೆಗೆ ತರಲಿ.

ತುಂಗಾತೀರ:

ಎರಡು ಶನಿವಾರ ಕಳೆದ ಮೇಲೆ ಬರೆಯುತ್ತಿದ್ದೇನೆ. ಪುಸ್ತಕದ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಬೋರ್ಡ್ ಮೇಲೆ ಎಡಕ್ಕೆ ಅವರ ಪದ, ಬಲಕ್ಕೆ ಅದರ ಹಾಗೇ ಕೇಳಿಸುವ ಇಂಗ್ಲಿಷ್ ಪದ, ನಡುವೆ ಕೆಂಪು ಗೆರೆ. 12 ಜೋಡಿ ಬರೆದೆ. ಆಮೇಲೆ ಅವರೇ ಇನ್ನೂ 5 ಸೇರಿಸಿದರು.

ಮೇಷ್ಟ್ರೇ, ಚಪ್ಪಾಳೆ ತಟ್ಟಿಸಿದೆ. ಕಟ್ಟಡದ ಕೆಲಸದ ಅಣ್ಣಂದಿರು ಮೇಜು ತಟ್ಟಿ ಹೇಳಿದರು, ಪಕ್ಕದ ಕೋಣೆಯವರು ಬಂದು ನೋಡಿದರು.

ಆಮೇಲೆ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡುವ ಅಭ್ಯಾಸ. ಇಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿದೆ. ಫೋನಿನಲ್ಲಿ ಕೈಸನ್ನೆ ಕಾಣುವುದಿಲ್ಲ ಅಲ್ವಾ, ಅದಕ್ಕೆ. ಹಾಡಿನ ಕಿರಿಕಿರಿಯ ಅಮ್ಮ ತಾವಾಗಿ ಮುಂದೆ ಬಂದರು. ಅವರ ಸರದಿ ಬಂದಾಗ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಆಮೇಲೆ ಒಂದೊಂದೇ ಪದ ಇಟ್ಟು ಹೇಳಿದರು: 'ಮೈ ನೇಬರ್ ಬಾದರ್ಸ್ ಮಿ. ದ ಮ್ಯೂಸಿಕ್ ಈಸ್ ಲೌಡ್. ನೋಬಡಿ ಈಸ್ ಹರ್ಟ್.' ಇಂಥದ್ದಕ್ಕೆ 911 ಅಲ್ಲ, ಪೊಲೀಸರ ಮಾಮೂಲಿ ನಂಬರ್ ಅಂತ ನಾನು ಹೇಳುವ ಮುಂಚೆ ಪಕ್ಕದವರೇ ಹೇಳಿಕೊಟ್ಟರು.

ಮುಂದಿನ ಶನಿವಾರ ಎಲ್ಲರಿಗೂ ಮನೆಯಿಂದ ಮಾತ್ರೆಯ ಖಾಲಿ ಡಬ್ಬಿ ತರಲು ಹೇಳಿದ್ದೇನೆ. ಚೀಟಿ ಓದುವುದೇ ಪಾಠ. ಅಕ್ಕ, ಏನಾದರೂ ಜಾಗ್ರತೆ ಬೇಕಾ?

ಉಡುಪಿಯ ನರ್ಸ್:

ಬೇಕು. ಡಬ್ಬಿಯ ಮೇಲೆ ಹೆಸರು ಇರುತ್ತದೆ, ಕೆಲವು ಸಲ ಹುಟ್ಟಿದ ದಿನವೂ ಇರುತ್ತದೆ. ಮನೆಯಲ್ಲೇ ಅದರ ಮೇಲೆ ಕಾಗದ ಅಂಟಿಸಿಕೊಂಡು ಬರಲಿ. ಯಾರಿಗೆ ಯಾವ ಕಾಯಿಲೆ ಅಂತ ಇನ್ನೊಬ್ಬರಿಗೆ ತಿಳಿಯಬಾರದು. ತರಲು ಇಷ್ಟವಿಲ್ಲದವರಿಗೆ ನೀನೇ ಎರಡು ಖಾಲಿ ವಿಟಮಿನ್ ಡಬ್ಬಿ ಇಟ್ಟುಕೊಂಡಿರು. ಮೊದಲು ವನ್ಸ್ ಪದಕ್ಕೆ ಎಲ್ಲರ ಕೈಯಲ್ಲೂ ಸುತ್ತು ಹಾಕಿಸು.